ಓದುವವರಿರುವ ಮನೆ ಡಿಸೆಂಬರಿನಲ್ಲಿ ಬದಲಾಗಬೇಕಾದಾಗ: ದಾವಣಗೆರೆ, ಚಿತ್ರದುರ್ಗದವರಿಗೆ ಸಮಗ್ರ ಮಾರ್ಗದರ್ಶಿ

ಬಾಡಿಗೆ ಕರಾರು ಡಿಸೆಂಬರಿಗೇ ಮುಗಿಯುತ್ತದೆ. ಮಗಳಿಗೆ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಎದುರಿಗಿದೆ, ಮಗನಿಗೆ ಸೆಮಿಸ್ಟರಿನ ಎರಡು ಪತ್ರಿಕೆಗಳ ನಡುವೆ ಮೂರೇ ದಿನ ಬಿಡುವು. ಕ್ರಿಸ್ಮಸ್ ರಜೆಗೆ ಬರುತ್ತೇವೆಂದು ಊರಿಂದ ಫೋನು ಬಂದಿದೆ. ಇದರ ಮೇಲೆ ಧನುರ್ಮಾಸ. ಇಂಥ ಹೊತ್ತಿನಲ್ಲಿ ಮನೆ ಬದಲಿಸುವವರು ಸಾಮಾನ್ಯವಾಗಿ ಗಾಡಿ ಯಾವತ್ತು ಸಿಗುತ್ತದೆ ಎಂಬಲ್ಲಿಂದ ಲೆಕ್ಕ ಶುರು ಮಾಡುತ್ತಾರೆ. ತಪ್ಪುವುದೇ ಅಲ್ಲಿ. ಲೆಕ್ಕ ಶುರುವಾಗಬೇಕಾದದ್ದು ಓದುವವರ ಮೇಜಿನಿಂದ. ಹಳೆಯ ಮನೆಯಲ್ಲಿ ಆ ಮೇಜನ್ನು ಕಟ್ಟಕಡೆಗೆ ಬಿಚ್ಚಬೇಕು, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹಾಕಬೇಕು. ಉಳಿದ ಕೆಲಸಗಳನ್ನೆಲ್ಲ ಇದರ ಸುತ್ತ ಹೊಂದಿಸಿಕೊಳ್ಳಬಹುದು.

ದಿನ ಗೊತ್ತು ಮಾಡುವುದು

ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಹಾಳೆಗಳನ್ನು ಮುಂದಿಟ್ಟುಕೊಳ್ಳಿ. ಮೊದಲು ಕೆಂಪು ಪೆನ್ನಿನಲ್ಲಿ ಮನೆಯ ಎಲ್ಲರ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ದಾಖಲೆ ಪುಸ್ತಕ ಒಪ್ಪಿಸುವ ದಿನಗಳನ್ನು ಗುರುತು ಹಾಕಿ. ಪ್ರತಿ ಪರೀಕ್ಷೆಯ ಹಿಂದಿನ ನಾಲ್ಕು ದಿನವನ್ನೂ ಕೆಂಪಾಗಿಸಿ. ಆ ದಿನಗಳಲ್ಲಿ ಸಾಮಾನು ಸಾಗಿಸುವಂತಿಲ್ಲ.

ರಜೆಯ ಲೆಕ್ಕದಲ್ಲಿ ಒಂದು ಎಚ್ಚರ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಉದ್ದನೆಯ ಮಧ್ಯಂತರ ರಜೆ ದಸರೆಗೆ. ಡಿಸೆಂಬರಿನಲ್ಲಿ ಸಾಮಾನ್ಯವಾಗಿ ಸಿಗುವುದು 25ನೇ ತಾರೀಖು ಒಂದೇ. ಸಿಬಿಎಸ್‌ಇ ಶಾಲೆಗಳು ವರ್ಷದ ಕೊನೆಯ ವಾರ ಬಿಡುವುದುಂಟು, ಕ್ರೈಸ್ತ ಸಂಸ್ಥೆಗಳ ಶಾಲೆಗಳು ದಸರಾ ರಜೆ ಕಡಿಮೆ ಮಾಡಿ ಕ್ರಿಸ್ಮಸ್‌ಗೆ ಕೊಡುವುದುಂಟು. ಒಂದೇ ಮನೆಯಲ್ಲಿ ಎರಡು ಬಗೆಯ ಶಾಲೆಯ ಮಕ್ಕಳಿದ್ದರೆ ರಜೆ ಒಂದಕ್ಕೊಂದು ಕೂಡುವುದಿಲ್ಲ. ಶಾಲೆಯ ಡೈರಿ ನೋಡಿಯೇ ಬರೆದುಕೊಳ್ಳಿ, ಅಂದಾಜು ಬೇಡ.

ಈಗ ಧನುರ್ಮಾಸ. ಡಿಸೆಂಬರ್ 16ರ ಸುಮಾರಿಗೆ ಹಿಡಿದು ಸಂಕ್ರಾಂತಿಗೆ ಬಿಡುತ್ತದೆ. ಈ ತಿಂಗಳಲ್ಲಿ ಹೊಸ ಮನೆಗೆ ಕಾಲಿಡಬಾರದು ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರೊಡನೆ ವಾದಕ್ಕಿಳಿಯುವ ಅಗತ್ಯವಿಲ್ಲ. ಹಾಲು ಉಕ್ಕಿಸುವುದು ಬೇರೆ, ಸಾಮಾನು ಸಾಗಿಸುವುದು ಬೇರೆ. ಡಿಸೆಂಬರ್ ಮೊದಲ ಎರಡು ವಾರದೊಳಗೆ ಒಳ್ಳೆಯ ದಿನ ನೋಡಿ ಬೆಳಿಗ್ಗೆ ಒಂದು ಗಂಟೆ ಹೋಗಿ ಬನ್ನಿ. ದೇವರ ಫೋಟೊ, ದೀಪ, ಕಲಶ, ಒಂದು ಸೇರು ಅಕ್ಕಿ, ಉಪ್ಪು, ತೊಗರಿಬೇಳೆ, ಬೆಲ್ಲ, ಅರ್ಧ ಲೀಟರ್ ಹಾಲು, ಚಿಕ್ಕ ಒಲೆ ಇಷ್ಟು ಸಾಕು. ಹಾಲು ಉಕ್ಕಿಸಿ, ಅಕ್ಕಿ ಉಪ್ಪು ಅಲ್ಲೇ ಬಿಟ್ಟು ಬೀಗ ಹಾಕಿ ಬಂದರೆ ಪ್ರವೇಶ ಆದಂತೆ. ಸಾಮಾನು ಆಮೇಲೆ ಪರೀಕ್ಷೆ ನೋಡಿಕೊಂಡು ಯಾವ ದಿನವಾದರೂ ಹೋಗಲಿ. ಇದಕ್ಕೆ ಎಂಟು ಹತ್ತು ದಿನ ಎರಡೂ ಮನೆಯ ಬಾಡಿಗೆ ಬೀಳುತ್ತದೆ. ಆ ಹಣ ವ್ಯರ್ಥವಲ್ಲ. ಆ ದಿನಗಳಲ್ಲೇ ಟ್ಯಾಂಕ್ ತೊಳೆಯುವುದು, ಸ್ವಿಚ್ ರಿಪೇರಿ, ಪರದೆ ಕಡ್ಡಿ ಹೊಡೆಯುವುದೆಲ್ಲ ಮುಗಿಸಿದರೆ, ಪರೀಕ್ಷೆಯ ನಡುವೆ ಮನೆಯಲ್ಲಿ ಡ್ರಿಲ್ ಮಷಿನ್ ಸದ್ದು ಇರುವುದಿಲ್ಲ.

ಸಾಗಣೆಗೆ ಆರಿಸುವ ದಿನದ ನಂತರ ನಾಲ್ಕು ದಿನವಾದರೂ ಯಾರಿಗೂ ಪರೀಕ್ಷೆ ಇರಬಾರದು. ಎರಡು ಪತ್ರಿಕೆಗಳ ನಡುವಿನ ಮೂರು ದಿನದ ಬಿಡುವು ಸಾಕೆಂದು ಕಾಣುತ್ತದೆ, ಸಾಲದು. ಮೊದಲ ದಿನ ಮೈಕೈ ನೋವು, ಎರಡನೆಯ ದಿನ ಹುಡುಕಾಟ, ಮೂರನೆಯ ದಿನ ಗಾಬರಿ.

ಮನೆ ನೋಡುವಾಗ ಕೇಳಬೇಕಾದ್ದು

ದಾವಣಗೆರೆಯಲ್ಲಿ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಶಾಮನೂರು ರಸ್ತೆಯ ಸುತ್ತ ಕಾಲೇಜುಗಳಿರುವುದರಿಂದ ಓದುವವರಿಗೆ ಹತ್ತಿರ. ನಿಟ್ಟುವಳ್ಳಿ, ಕೆಟಿಜೆ ನಗರ, ವಿನೋಬನಗರದ ಕಡೆ ಪೇಟೆ ಹತ್ತಿರ, ಆದರೆ ಮನೆಗಳು ಒತ್ತೊತ್ತಾಗಿ ಗದ್ದಲ ಹೆಚ್ಚು. ಎಲ್ಲೇ ಆಗಲಿ, ಮನೆಯನ್ನು ಎರಡು ಹೊತ್ತಿನಲ್ಲಿ ನೋಡಿ: ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ನೋಡಿದ ಮನೆ ಎಲ್ಲವೂ ಬೆಳಕಾಗಿಯೇ ಕಾಣುತ್ತದೆ. ಪೂರ್ವಕ್ಕೆ ಕಿಟಕಿಯಿರುವ ಕೋಣೆ ಓದುವವರದಾಗಲಿ. ಚಳಿಗಾಲದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಕೂತವರಿಗೆ ಏಳರ ಬಿಸಿಲು ಬೆನ್ನಿಗೆ ಬಿದ್ದರೆ ಇನ್ನೊಂದು ಗಂಟೆ ಕೂರುವ ಮನಸ್ಸಾಗುತ್ತದೆ.

ನೀರಿನದು ದೊಡ್ಡ ವಿಷಯ. ನಲ್ಲಿ ನೀರು ದಿನಾ ಬರುವುದಿಲ್ಲ. ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಎಷ್ಟು ತಾಸು ಬಿಡುತ್ತಾರೆ ಎಂಬುದನ್ನು ಮಾಲೀಕರಿಗಿಂತ ಎದುರು ಮನೆಯವರನ್ನು ಕೇಳಿ. ಸಂಪು ಎಷ್ಟು ಲೀಟರಿನದು, ಮೇಲಿನ ಟ್ಯಾಂಕ್ ಎಷ್ಟು, ಎರಡನ್ನೂ ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ ಎಂದು ಕೇಳಿ. ನಾಲ್ಕು ಜನರ ಮನೆಗೆ ದಿನಕ್ಕೆ 400ರಿಂದ 500 ಲೀಟರ್ ಹಿಡಿದರೆ, ಐದು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ 2,000 ಲೀಟರ್‌ಗಿಂತ ಕಡಿಮೆ ಸಂಗ್ರಹವಿದ್ದರೆ ಬೋರಿನ ನೀರಿಗೆ ಕೈಚಾಚಲೇಬೇಕು. ಬೋರಿನ ನೀರು ಬಳಸಲು ಆಯಿತು, ಕುಡಿಯಲು ಬೇಡ. ಚಿತ್ರದುರ್ಗದ ಸುತ್ತಮುತ್ತ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆಗಳಿವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಇಲ್ಲದ ಮನೆಯವರು ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕ ಎಷ್ಟು ದೂರ, ಕ್ಯಾನ್ ಹೊತ್ತು ತರುವವರು ಯಾರು ಎಂಬುದನ್ನು ಮೊದಲೇ ಯೋಚಿಸಿ. ಆ ಕೆಲಸ ಪರೀಕ್ಷೆ ಬರೆಯುವವರ ತಲೆಗೆ ಬೀಳಬಾರದು.

ಕರೆಂಟಿನಲ್ಲಿ ನೋಡಬೇಕಾದ್ದು: ಬಚ್ಚಲುಮನೆಯಲ್ಲಿ, ಅಡುಗೆಮನೆಯಲ್ಲಿ 16 ಆಂಪಿಯರಿನ ದೊಡ್ಡ ಸಾಕೆಟ್ ಇದೆಯೇ, ಅರ್ತಿಂಗ್ ಇದೆಯೇ. ಗೀಜರ್, ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಒಲೆ ಮೂರೂ 1,500ರಿಂದ 2,000 ವ್ಯಾಟ್ ಎಳೆಯುತ್ತವೆ. ಸಣ್ಣ 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಸಿಕ್ಕಿಸಿ ನಡೆಸಿದರೆ ಸಾಕೆಟ್ ಬಿಸಿಯಾಗಿ ಕರಗುತ್ತದೆ. ಚಳಿಗಾಲದಲ್ಲಿ ಸುಟ್ಟ ಸ್ವಿಚ್‌ಬೋರ್ಡುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಕರಾರು, ಮೀಟರು, ಸಿಲಿಂಡರು

ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಬೇಕಾಗುತ್ತದೆ, ಹನ್ನೊಂದು ತಿಂಗಳ ರೂಢಿ ಬಂದದ್ದು ಅದಕ್ಕೇ. ಅಡ್ವಾನ್ಸ್ ಎಷ್ಟು, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ನೀರಿನ ಕಂದಾಯ ಯಾರದು ಎಂಬ ಮೂರೂ ಕಾಗದದಲ್ಲೇ ಇರಲಿ. ಕೀಲಿ ಕೈಗೆ ಬಂದ ದಿನವೇ ಪ್ರತಿ ಗೋಡೆ, ನಲ್ಲಿ, ಬಾಗಿಲಿನ ವಿಡಿಯೊ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿಬಿಡಿ. ಹನ್ನೊಂದು ತಿಂಗಳ ಮೇಲೆ ಆ ಬಿರುಕು ಯಾರ ಕಾಲದ್ದು ಎಂಬ ಮಾತೇ ಬರುವುದಿಲ್ಲ.

ಎರಡೂ ಜಿಲ್ಲೆಗೆ ಬೆಸ್ಕಾಂ ಕರೆಂಟು. ಹಳೆಯ ಮನೆ ಬಿಡುವ ದಿನ ಮೀಟರಿನ ಫೋಟೊ, ಹೊಸ ಮನೆಗೆ ಬರುವ ದಿನ ಮೀಟರಿನ ಫೋಟೊ, ಎರಡೂ ಮರೆಯಬಾರದು. ಗೃಹಜ್ಯೋತಿ ಪಡೆಯುತ್ತಿದ್ದ ಬಾಡಿಗೆದಾರರು ಸೇವಾ ಸಿಂಧುವಿನಲ್ಲಿ ಹಳೆಯ ಮನೆಯ ಆರ್‌ಆರ್ ನಂಬರಿನಿಂದ, ಅಂದರೆ ಕರೆಂಟು ಬಿಲ್ಲಿನ ಮೇಲಿರುವ ಸಂಪರ್ಕದ ನಂಬರಿನಿಂದ, ತಮ್ಮ ಆಧಾರ್ ಬಿಡಿಸಿ (ಡಿ‑ಲಿಂಕ್ ಎಂದೇ ಆಯ್ಕೆ ಇದೆ), ಹೊಸ ಆರ್‌ಆರ್ ನಂಬರಿಗೆ ಜೋಡಿಸಬೇಕು. ಹಿಂದಿದ್ದ ಬಾಡಿಗೆದಾರರು ಬಿಡಿಸಿಕೊಳ್ಳದೆ ಹೋಗಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಅಡ್ವಾನ್ಸ್ ಕೊಡುವಾಗಲೇ ಮಾಲೀಕರಿಂದ ಇದನ್ನು ಖಚಿತ ಮಾಡಿಕೊಳ್ಳಿ.

ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಚಳಿಗಾಲದಲ್ಲಿ ದಾಟಿಸುವುದು ಬಿಸಿನೀರು. ಲೆಕ್ಕ ಹೀಗೆ: 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು. 1,500 ವ್ಯಾಟಿನ ಕಾಯಿಲ್ ಆದರೆ 25 ನಿಮಿಷ. ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ 70 ಯೂನಿಟ್ ಸ್ನಾನಕ್ಕೇ ಹೋಯಿತು. ಮೇಲೆ ಸೋಲಾರ್ ಇರುವ ಮನೆಗೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಬಹುದು.

ಗ್ಯಾಸ್ ವಿಷಯದಲ್ಲಿ ಎರಡು ಬಗೆ. ಊರೊಳಗೇ, ಅದೇ ಏಜೆನ್ಸಿಯ ವ್ಯಾಪ್ತಿಗೆ ಹೋಗುವುದಾದರೆ ವಿಳಾಸ ಬದಲಿಸಿದರೆ ಮುಗಿಯಿತು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವುದಾದರೆ ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಇಲ್ಲಿಯ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ, ಠೇವಣಿ ವಾಪಸು ಪಡೆದು, ಅಲ್ಲಿ ಮತ್ತೆ ಠೇವಣಿ ಕಟ್ಟಬೇಕು. ಗ್ಯಾಸ್ ಪುಸ್ತಕ ಕಡ್ಡಾಯವಾಗಿ ಕೈಚೀಲದಲ್ಲಿರಲಿ. ನಡುವಿನ ಎರಡು ಮೂರು ದಿನಕ್ಕೆ ಇಂಡಕ್ಷನ್ ಒಲೆ ಬೇಕು. ಊರೊಳಗೆ ಸಿಲಿಂಡರ್ ಸಾಗಿಸುವಾಗ ರೆಗ್ಯುಲೇಟರ್ ಬಿಚ್ಚಿ, ದಾರಕ್ಕೆ ಕಟ್ಟಿದ ಪ್ಲಾಸ್ಟಿಕ್ ಮುಚ್ಚಳ ಬಿಗಿದು, ನಿಲ್ಲಿಸಿಯೇ ಒಯ್ಯಿರಿ. ಮಲಗಿಸಿದರೆ ವಾಲ್ವಿನ ಬಾಯಿಗೆ ದ್ರವವೇ ಬಂದು ನಿಲ್ಲುತ್ತದೆ. ರಬ್ಬರ್ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷ ಮೀರಿದ್ದರೆ ಹೊಸ ಮನೆಗೆ ಹೊಸ ಪೈಪು.

ಕಟ್ಟುವುದು

ಎರಡು ಮಲಗುಕೋಣೆಯ, ನಾಲ್ಕು ಜನರ ಮನೆಗೆ ಸುಮಾರಾಗಿ ಬೇಕಾಗುವುದು: ರಟ್ಟಿನ ಪೆಟ್ಟಿಗೆ 35ರಿಂದ 40 (ಅದರಲ್ಲಿ ಹತ್ತಾದರೂ ಚಿಕ್ಕವು), ಎರಡು ಇಂಚಿನ ಕಂದು ಟೇಪು ನಾಲ್ಕು ಸುರುಳಿ, ಸುತಳಿ ಒಂದು ಕಿಲೊ, ಹಳೆಯ ಪೇಪರ್ ಎಂಟು ಕಿಲೊ, ದಪ್ಪ ಮಾರ್ಕರ್ ಎರಡು, ದೊಡ್ಡ ಚೀಲ ಹನ್ನೆರಡು. ಪೆಟ್ಟಿಗೆಗಳು ಕಿರಾಣಿ ಅಂಗಡಿ, ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕೇಳಿ. ಹಾಸಿಗೆ ಬಟ್ಟೆಗೆ ಮಂಡಕ್ಕಿ ಚೀಲದಷ್ಟು ಒಳ್ಳೆಯದು ಇನ್ನೊಂದಿಲ್ಲ: ಅಗಲ, ಹಗುರ, ದಾವಣಗೆರೆಯಲ್ಲಿ ಸಿಗುವುದೂ ಸುಲಭ. ಒಮ್ಮೆ ಕೊಡವಿ ಬಿಸಿಲಿಗೆ ಹಾಕಿ. ಇಲ್ಲದಿದ್ದರೆ ಒಳಗುಳಿದ ಚೂರಿಗೆ ಇರುವೆ ಬರುತ್ತದೆ.

ಕೆಲಸವನ್ನು ಇಪ್ಪತ್ತೊಂದು ದಿನಕ್ಕೆ ಹರಡಿ. ಓದುವವರಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೇಳಬೇಡಿ, ಅದೂ ಓದಿನ ನಡುವಿನ ಬಿಡುವಿನಲ್ಲಿ. ಅವರಿಗೆ ಸಲ್ಲುವ ಕೆಲಸ: ತಮ್ಮ ಬಟ್ಟೆ, ತಮ್ಮ ಹಳೆಯ ಪುಸ್ತಕ, ಆನ್‌ಲೈನ್ ಅರ್ಜಿಗಳು. ಬೀರು ಎತ್ತುವುದು, ಅಟ್ಟ ಇಳಿಸುವುದು ಅವರ ಪಾಲಿಗಲ್ಲ. ಪರೀಕ್ಷೆಗೆ ವಾರವಿರುವಾಗ ಬೆರಳು ಬಾಗಿಲಿಗೆ ಸಿಕ್ಕಿದರೆ ಬರೆಯುವ ಕೈಯೇ ಹೋದಂತೆ.

ಮೊದಲ ವಾರ ಅಟ್ಟ, ಹಬ್ಬದ ಪಾತ್ರೆ, ಹಳೆಯ ಕಾಗದ. ಈ ವಾರದಲ್ಲೇ ಗುಜರಿಗೆ ಹೋಗಬೇಕಾದ್ದು ಹೋಗಲಿ. ಎರಡನೆಯ ವಾರ ಬಟ್ಟೆ, ಷೋಕೇಸು, ಬೇಸಿಗೆಯ ಸಾಮಾನು. ಮೂರನೆಯ ವಾರ ಅಡುಗೆಮನೆ. ಈ ಮೂರು ವಾರ ಕಿರಾಣಿ ತುಂಬಬೇಡಿ, ಡಬ್ಬಿಯಲ್ಲಿರುವುದನ್ನು ಖಾಲಿ ಮಾಡುತ್ತ ಬನ್ನಿ. ಗಾಜಿನ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಪೇಪರಿನಲ್ಲಿ ಸುತ್ತಿ ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ. ಗಾಡಿ ಗುಂಡಿಗೆ ಇಳಿದಾಗ ಮಲಗಿದ ತಟ್ಟೆಗಳಲ್ಲಿ ಮೇಲಿನವುಗಳ ಭಾರವೆಲ್ಲ ಕೆಳಗಿನದರ ನಡುಮಧ್ಯಕ್ಕೆ ಬೀಳುತ್ತದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಳ ತಿರುಗಿಸಿ, ಬಕೆಟ್ಟಿನಲ್ಲಿ ನಿಲ್ಲಿಸಿ, ಸಂದಿಗೆ ಬಟ್ಟೆ ತುರುಕಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಗಟ್ಟಿಯಿದ್ದದ್ದನ್ನು ನಂಬಿ ಮುಚ್ಚಳ ಸಡಿಲ ಬಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ಕರಗಿ ಬಟ್ಟೆಗೆ ಇಳಿಯುತ್ತದೆ.

ಪೆಟ್ಟಿಗೆಯ ಮೇಲ್ಮುಖಕ್ಕಿಂತ ಪಕ್ಕಕ್ಕೆ ಬರೆಯಿರಿ; ಒಂದರ ಮೇಲೊಂದು ಇಟ್ಟಾಗ ಮೇಲ್ಮುಖ ಕಾಣುವುದಿಲ್ಲ. ಬರೆಯಬೇಕಾದ್ದು ಎರಡೇ: ಹೊಸ ಮನೆಯ ಯಾವ ಕೋಣೆಗೆ, ಯಾವ ದಿನ ಬಿಚ್ಚಬೇಕು. "ಅಡುಗೆಮನೆ, 1", "ಹಿಂದಿನ ಕೋಣೆ, 10". ಒಳಗೇನಿದೆ ಎಂಬ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಪೆಟ್ಟಿಗೆ ನಂಬರಿನ ಎದುರು ಇರಲಿ.

ಮಂಚ ಬಿಚ್ಚಿದಾಗ ಬೋಲ್ಟು, ನಟ್ಟು ಕವರಿಗೆ ಹಾಕಿ ಅದೇ ಮಂಚದ ಕಾಲಿಗೆ ಟೇಪಿನಿಂದ ಅಂಟಿಸಿ. ಫ್ರಿಜ್ ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ, ಒರೆಸಿ, ನಿಲ್ಲಿಸಿಯೇ ಸಾಗಿಸಿ. ಹೊಸ ಮನೆಯಲ್ಲಿ ಮೂರು ನಾಲ್ಕು ಗಂಟೆ ಬಿಟ್ಟು ಹಾಕಿ. ದಾರಿಯಲ್ಲಿ ಮಲಗಿಸಿದ್ದರೆ ಇಡೀ ದಿನ ಬಿಡಬೇಕು. ಮಲಗಿಸಿದಾಗ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ, ಅದು ಹಿಂದಿರುಗುವ ಮೊದಲೇ ಚಾಲೂ ಮಾಡಿದರೆ ಕಂಪ್ರೆಸರ್ ಒಣಗಿ ತಿರುಗುತ್ತದೆ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ ಆದರೆ ಅದರ ಜೊತೆ ಬಂದಿದ್ದ ಸಾಗಣೆ ಬೋಲ್ಟುಗಳನ್ನು ಹಿಂದಿನಿಂದ ಬಿಗಿಯಬೇಕು. ಟಿವಿಯನ್ನು ಎರಡು ಗಾದಿಗಳ ನಡುವೆ ನಿಲ್ಲಿಸಿ, ಮಲಗಿಸಬೇಡಿ.

ಪುಸ್ತಕಗಳು

ಅಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಪೆಟ್ಟಿಗೆಯಲ್ಲಿ ಪುಸ್ತಕ ಕಿಕ್ಕಿರಿದರೆ 15ರಿಂದ 18 ಕಿಲೊ ತೂಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಎತ್ತಿದ ಕೂಡಲೇ ತಳ ಬಿಚ್ಚಿಕೊಳ್ಳುತ್ತದೆ. ತಳಕ್ಕೆ ಟೇಪು ಅಡ್ಡ ಎರಡು, ಉದ್ದ ಒಂದು.

ಈ ಸೆಮಿಸ್ಟರಿನ, ಈ ವರ್ಷದ ಪುಸ್ತಕ, ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಯಾವುದೂ ಪೆಟ್ಟಿಗೆಗೆ ಹೋಗಬಾರದು. ಅವಕ್ಕೆ ತರಕಾರಿ ಮಂಡಿಯಲ್ಲಿ ಸಿಗುವಂಥ ಬಾಯಿ ತೆರೆದ ಪ್ಲಾಸ್ಟಿಕ್ ಕ್ರೇಟ್, ಒಬ್ಬರಿಗೊಂದು. ಪುಸ್ತಕದ ಬೆನ್ನು ಮೇಲೆ ಕಾಣುವಂತೆ ನಿಲ್ಲಿಸಿ. ಕ್ರೇಟನ್ನು ಹೊಸ ಮನೆಯ ಮೇಜಿನ ಪಕ್ಕ ಇಟ್ಟರೆ ಅದೇ ಕಪಾಟು. ವಾರದವರೆಗೆ ಬಿಚ್ಚುವ ಕೆಲಸವೇ ಇಲ್ಲ. ಪ್ರವೇಶಪತ್ರ, ಅಂಕಪಟ್ಟಿ, ಆಧಾರ್, ಕಾಲೇಜಿನ ಗುರುತಿನ ಚೀಟಿ, ಲ್ಯಾಪ್‌ಟಾಪ್, ಚಾರ್ಜರ್, ಕ್ಯಾಲ್ಕುಲೇಟರ್ ಶಾಲಾ ಬ್ಯಾಗಿನಲ್ಲಿ, ಬ್ಯಾಗು ಬೆನ್ನಿಗೆ. ಕ್ರೇಟೂ ಬ್ಯಾಗೂ ಸ್ಕೂಟರಿನಲ್ಲೋ ಆಟೊದಲ್ಲೋ ಓದುವವರ ಜೊತೆಗೇ ಹೋಗಬೇಕು, ಸಾಮಾನಿನ ಗಾಡಿಯಲ್ಲಲ್ಲ.

ಸಾಗಣೆಯ ಹಿಂದಿನ ಸಂಜೆಯೇ ಹೊಸ ಮನೆಯ ಆ ಕೋಣೆಗೆ ಒಂದು ಮೇಜು, ಕುರ್ಚಿ, 9 ವ್ಯಾಟಿನ ಬಲ್ಬು, ಎಕ್ಸ್‌ಟೆನ್ಷನ್ ಬೋರ್ಡು, ಕುಡಿಯುವ ನೀರು ಇಟ್ಟು ಬನ್ನಿ. ಸಾಗಣೆಯ ದಿನ ಬೆಳಿಗ್ಗೆಯಿಂದಲೇ ಅವರು ಅಲ್ಲಿ ಬಾಗಿಲು ಹಾಕಿಕೊಂಡು ಕೂರಲಿ. ವೈಫೈ ಬದಲಾವಣೆಗೆ ಎಂಟು ದಿನ ಮೊದಲೇ ಹೇಳಿಟ್ಟರೂ ತಡವಾಗಬಹುದು. ಒಂದು ಗಂಟೆಯ ಆನ್‌ಲೈನ್ ಪಾಠಕ್ಕೆ ಮೊಬೈಲ್ ಡೇಟಾ ಅರ್ಧದಿಂದ ಒಂದು ಜಿಬಿ ಹಿಡಿದು, ಅಷ್ಟು ರೀಚಾರ್ಜ್ ಮಾಡಿಸಿಡಿ. ಹೊಸ ಮನೆಯ ಒಳಕೋಣೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಎಂಬುದನ್ನು ಹಾಲು ಉಕ್ಕಿಸಲು ಹೋದಾಗಲೇ ನೋಡಿಕೊಳ್ಳಿ.

ಶಾಲೆ ಬದಲಿಸುವ ಯೋಚನೆಯಿದ್ದರೆ ವರ್ಷದ ನಡುವೆ ಬೇಡ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಯವರ ಪರೀಕ್ಷಾ ನೋಂದಣಿ ಇರುವ ಸಂಸ್ಥೆಯ ಮೂಲಕವೇ ಆಗಿರುತ್ತದೆ. ಮಾರ್ಚ್‌ವರೆಗೆ ಸ್ವಲ್ಪ ದೂರದ ಬಸ್ಸೇ ಮೇಲು. ವಿದ್ಯಾರ್ಥಿ ಬಸ್ ಪಾಸಿನಲ್ಲಿ ಮಾರ್ಗ ನಮೂದಾಗಿರುವುದರಿಂದ ಹೊಸ ನಿಲ್ದಾಣಕ್ಕೆ ಬದಲಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಆದರೆ ಆ ಬೀದಿಗೆ ಬರುವುದು ಖಾಸಗಿ ಸಿಟಿ ಬಸ್ಸೋ ಸರ್ಕಾರಿಯದೋ ನೋಡಿಕೊಳ್ಳಿ.

ಗಾಡಿ ಬಂದ ದಿನ

ಟಾಟಾ ಏಸ್ ಮುಕ್ಕಾಲು ಟನ್ ಹೊರುತ್ತದೆ. ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಮೇಲೆ ಹೇಳಿದಷ್ಟು ಸಾಮಾನಿಗೆ ಊರೊಳಗೆ ಮೂರು ಸುತ್ತು, ಪಿಕಪ್ ಆದರೆ ಎರಡು. ದಾವಣಗೆರೆ ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಇರುವುದರಿಂದ ಸುತ್ತು ಹೊಡೆಯುವುದು ನಷ್ಟ. ಒಂದೇ ಸಲಕ್ಕೆ ಹಿಡಿಸುವ ಗಾಡಿ ನೋಡಿ. ಮಾತಾಡುವಾಗ ಹಮಾಲರ ಸಂಖ್ಯೆ, ಎರಡೂ ಮನೆಯ ಮಹಡಿ, ಬೀರು ಫ್ರಿಜ್ ಮೇಲೇರಿಸುವ ಕೂಲಿ, ಟೋಲ್, ಕಾಯುವ ಹೊತ್ತು ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿಸಿ. ಜಗಳಗಳು ಹುಟ್ಟುವುದು "ಮೆಟ್ಟಿಲು ಹತ್ತಿಸೋದು ಬೇರೆ ಸಾರ್" ಎಂಬಲ್ಲಿ. ಮೆಟ್ಟಿಲಿನ ತಿರುವಿನ ಅಗಲ, ಬಾಗಿಲಿನ ಅಗಲ, ಬೀರುವಿನ ಅಗಲ ಮೂರನ್ನೂ ಟೇಪಿನಿಂದ ಅಳೆದಿಡಿ.

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಂಥ ಹಳೆ ಪೇಟೆಯ ಬೀದಿಗಳಿಂದ ಹೊರಡುವವರು ಅಂಗಡಿ ತೆರೆಯುವ ಮೊದಲೇ ಗಾಡಿ ತುಂಬಿ ಹೊರಬೀಳಬೇಕು. ಹತ್ತರ ಮೇಲೆ ಸರಕು ಇಳಿಸುವ ಗಾಡಿಗಳ ನಡುವೆ ಸಿಕ್ಕಿಬೀಳುತ್ತೀರಿ. ರೈಲು ಹಳಿಯಾಚೆ ಹೋಗುವವರು ಸೇತುವೆಯಡಿಯ ಎತ್ತರ ನೋಡಿಯೇ ಮಂಚ ಕುರ್ಚಿ ಪೇರಿಸಬೇಕು. ಹಾಸಿಗೆ ಮಾತ್ರ ಬೇಗ ಹೊರಗಿಡಬೇಡಿ. ಡಿಸೆಂಬರಿನ ಬೆಳಿಗ್ಗೆ ಇಬ್ಬನಿ ಇರುತ್ತದೆ. ಹತ್ತಿ ಗಾದಿ, ಕೌದಿ ಅದನ್ನು ಹೀರಿಕೊಂಡರೆ ಆ ರಾತ್ರಿ ತಣ್ಣಗೆ ಒದ್ದೆ ಹಾಸಿಗೆಯಲ್ಲಿ ಮಲಗಬೇಕು. ಗಾದಿಗಳು ಬಿಸಿಲೇರಿದ ಮೇಲೆ ಎರಡನೆಯ ಸುತ್ತಿಗೆ. ತಿಂಗಳ ಮೊದಲರ್ಧದಲ್ಲಿ ಬಂಗಾಳಕೊಲ್ಲಿಯ ಚಂಡಮಾರುತದ ಬಾಲ ಇಲ್ಲಿಗೂ ತುಂತುರು ತರುವುದುಂಟು, ಗಾಡಿಯಲ್ಲಿ ತಾಡಪತ್ರಿ ಇದೆಯೇ ಕೇಳಿಡಿ.

ಏರಿಸುವ ಕ್ರಮ: ಬೀರು, ಫ್ರಿಜ್ ಡ್ರೈವರ್ ಕ್ಯಾಬಿನ್ನಿಗೆ ಒರಗಿ ನಿಲ್ಲಲಿ. ಪುಸ್ತಕದ ಪೆಟ್ಟಿಗೆ, ಕಾಳಿನ ಚೀಲ ತಳಕ್ಕೆ. ಬಟ್ಟೆಯ ಚೀಲಗಳು ಸಂದಿಗೆ. ಗಾಜು ಎಲ್ಲಕ್ಕೂ ಮೇಲೆ. "1" ಎಂದು ಬರೆದ ಪೆಟ್ಟಿಗೆಗಳು ಕೊನೆಗೆ ಹತ್ತಲಿ, ಆಗ ಅವೇ ಮೊದಲು ಇಳಿಯುತ್ತವೆ. ಹೊಸ ಮನೆಯ ಬಾಗಿಲಲ್ಲಿ ಒಬ್ಬರೇ ನಿಂತು ಯಾವ ಪೆಟ್ಟಿಗೆ ಎಲ್ಲಿಗೆ ಎಂದು ಹೇಳಬೇಕು. ಮೂವರು ಹೇಳಿದರೆ ಎಲ್ಲವೂ ನಡುಮನೆಯಲ್ಲೇ ಬೀಳುತ್ತವೆ. ಚಿಕ್ಕ ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿ. ರಜೆಗೆಂದು ಬಂದ ದೊಡ್ಡವರಿದ್ದರೆ ಒಬ್ಬರು ಎಲ್ಲ ಮಕ್ಕಳನ್ನು ಕೊಂಡಜ್ಜಿ ಗುಡ್ಡಕ್ಕೋ ಚಿತ್ರದುರ್ಗದ ಕೋಟೆಗೋ ಕರೆದೊಯ್ಯುವುದು ಮನೆಗೆ ದೊಡ್ಡ ಸಹಾಯ.

ಆ ದಿನದ ಊಟ

ಹೊಸ ಮನೆಯಲ್ಲಿ ಒಲೆ ಹೊತ್ತಲು ಸಂಜೆಯಾಗುತ್ತದೆ. ನಮ್ಮ ಕಡೆಯ ಊಟ ಇಂಥ ದಿನಕ್ಕೆಂದೇ ಇರುವ ಹಾಗಿದೆ. ಮೂರು ದಿನ ಮೊದಲೇ ಖಡಕ್ ರೊಟ್ಟಿ ಮೂವತ್ತು, ಶೇಂಗಾ ಚಟ್ನಿಪುಡಿ ಕಾಲು ಕಿಲೊ ತಂದಿಡಿ; ಮೊಸರು, ಈರುಳ್ಳಿ ಇದ್ದರೆ ಎರಡು ಊಟ ಕಳೆಯುತ್ತದೆ. ಹಮಾಲರೂ ಸೇರಿ ಎಂಟು ಜನಕ್ಕೆ ಬೆಳಗಿನ ತಿಂಡಿ ಒಗ್ಗರಣೆ ಮಂಡಕ್ಕಿ: ಮಂಡಕ್ಕಿ 600 ಗ್ರಾಂ, ಈರುಳ್ಳಿ ಐದು, ಟೊಮೆಟೊ ಮೂರು, ಹಸಿಮೆಣಸಿನಕಾಯಿ ಎಂಟು, ಪುಟಾಣಿ ಪುಡಿ 120 ಗ್ರಾಂ, ಎಣ್ಣೆ ಎಂಟು ಚಮಚ, ಶೇಂಗಾ ಒಂದು ಹಿಡಿ, ಕರಿಬೇವು, ಅರಿಶಿನ, ಉಪ್ಪು, ಒಂದು ನಿಂಬೆಹಣ್ಣು. ಒಗ್ಗರಣೆ ಆಗುವವರೆಗೆ ಮಂಡಕ್ಕಿ ನೆನೆಸಬೇಡಿ. ನೀರಿಗೆ ಹಾಕಿ ಅರ್ಧ ನಿಮಿಷದಲ್ಲಿ ಹಿಂಡಿ ತೆಗೆಯಿರಿ, ಹೆಚ್ಚು ಹೊತ್ತಾದರೆ ಮುದ್ದೆ. ಪುಟಾಣಿ ಪುಡಿ ಒಲೆ ಆರಿಸಿದ ಮೇಲೆ ಉದುರಿಸಿ.

ದೋಸೆ ಹಿಟ್ಟಿನ ಆಸೆ ಆ ವಾರ ಬೇಡ. ಬೇಸಿಗೆಯಲ್ಲಿ ಎಂಟು ಗಂಟೆಗೆ ಉಬ್ಬುವ ಹಿಟ್ಟು ಡಿಸೆಂಬರಿನಲ್ಲಿ ಹದಿನಾಲ್ಕು ಗಂಟೆ ಹಿಡಿಯುತ್ತದೆ. ಮೊಸರಿಗೆ ಅರ್ಧ ಲೀಟರ್ ಹಾಲಿಗೆ ಒಂದರ ಬದಲು ಎರಡು ಚಮಚ ಹೆಪ್ಪು, ಹಾಲು ಬೆರಳಿಗೆ ಚುರುಕ್ ಅನ್ನದಷ್ಟು ಬಿಸಿ, ಪಾತ್ರೆ ಹಾಟ್‌ಬಾಕ್ಸಿನೊಳಗೆ.

ಟ್ಯಾಂಕು, ಬಿಸಿನೀರು, ಮುಚ್ಚಿದ ಕಿಟಕಿ

ಖಾಲಿ ಇದ್ದ ಮನೆಯ ಟ್ಯಾಂಕಿನ ನೀರನ್ನು ತೊಳೆಯದೆ ಬಳಸಬೇಡಿ. ಕೆಸರು ಉಜ್ಜಿ ತೆಗೆದ ಮೇಲೆ 1,000 ಲೀಟರ್ ಟ್ಯಾಂಕ್ ತುಂಬಿಸಿ, 150ರಿಂದ 200 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ಬಿಟ್ಟು ತಿಳಿಯನ್ನಷ್ಟೇ ಸುರಿದು ರಾತ್ರಿಯಿಡೀ ಬಿಡಿ. ಎಲ್ಲ ನಲ್ಲಿಗಳಲ್ಲೂ ಸ್ವಲ್ಪ ಹರಿಸಿದರೆ ಪೈಪುಗಳೂ ತೊಳೆಯುತ್ತವೆ. ಬೆಳಿಗ್ಗೆ ಪೂರ್ತಿ ಚೆಲ್ಲಿ ಹೊಸ ನೀರು ತುಂಬಿ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಅಥವಾ ಕಕ್ಕಸು ತೊಳೆಯುವ ದ್ರವ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಚ್ಚಲು ತೊಳೆಯುವ ಕೆಲಸ ಇನ್ನೊಂದು ದಿನಕ್ಕಿರಲಿ.

ಕಾಯಿಲ್ ಬಳಸುವವರು ಪ್ಲಾಸ್ಟಿಕ್ ಬಕೆಟ್, ಗುರುತಿನವರೆಗೆ ನೀರು, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಕೈ ಎಂಬ ಮೂರನ್ನು ಮನೆಯ ಎಲ್ಲರಿಗೂ ಹೇಳಿಡಿ. ಬೆಳಿಗ್ಗೆ ಐದಕ್ಕೆ ನಿದ್ದೆಗಣ್ಣಿನಲ್ಲಿ ನೀರು ಬಿಸಿಯಾಯಿತೇ ಎಂದು ಬೆರಳು ಅದ್ದುವುದೇ ಅಪಾಯ. ಗ್ಯಾಸ್ ಗೀಜರ್ ಬಚ್ಚಲಿನ ಒಳಗಿದ್ದರೆ ಬಾಡಿಗೆಗೆ ಒಪ್ಪುವ ಮೊದಲೇ ಹೊರಗೆ ಹಾಕಿಸಿಕೊಡಲು ಕೇಳಿ. ಚಳಿಯೆಂದು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ತಲೆ ಸುತ್ತಿದ್ದು ತಿಳಿಯುವಷ್ಟರಲ್ಲಿ ಕೂತವರು ಏಳಲಾರರು. ಓದುವ ಕೋಣೆಯಲ್ಲಿ ಕೆಂಡದ ಬಾಣಲೆ ಇಡುವುದೂ ಇದೇ ಕಾರಣಕ್ಕೆ ಬೇಡ. ಕಾಲಿಗೆ ಉಣ್ಣೆ ಸಾಕ್ಸು, ಕುರ್ಚಿಯ ಕೆಳಗೆ ಮಡಚಿದ ಕೌದಿ ಸಾಕು, ಚಳಿ ಹತ್ತುವುದು ನೆಲದಿಂದ.

ವಿಳಾಸ

ಮೊದಲ ವಾರದಲ್ಲಿ ಗ್ಯಾಸ್, ಬ್ಯಾಂಕು, ಕಾಲೇಜು. ಮತದಾರರ ಪಟ್ಟಿಗೆ ನಮೂನೆ 8. ಪಡಿತರವನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ಪಡೆಯಬಹುದಾದ್ದರಿಂದ ಆ ಬದಲಾವಣೆಗೆ ಪರೀಕ್ಷೆ ಮುಗಿಯುವವರೆಗೆ ಓಡಾಟ ಬೇಡ. ಪಿನ್‌ಕೋಡ್ ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ದಾವಣಗೆರೆಯೊಳಗೇ 577002, 577004, 577005, 577006 ಎಂದು ಬೇರೆ ಬೇರೆ, ಚಿತ್ರದುರ್ಗದಲ್ಲಿ 577501, 577502. ಹಳೆಯ ಪಿನ್ ಬರೆದ ಹೊಸ ವಿಳಾಸದ ಪತ್ರ ಮತ್ತೊಂದು ಅಂಚೆ ಕಚೇರಿಗೆ ಹೋಗಿ ಕೂರುತ್ತದೆ. ಹಳೆಯ ಬೀದಿಯ ಅಂಚೆಯಣ್ಣನಿಗೆ ಹೊಸ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಬನ್ನಿ, ಪಕ್ಕದ ಮನೆಯವರಿಗೂ ಒಂದು ಕೊಡಿ. ಜನವರಿಯಲ್ಲಿ ಅವರಿಗೆ ಎಳ್ಳುಬೆಲ್ಲ ಕೊಡಲು ಹೋದಾಗ, ನಿಮ್ಮ ಹೆಸರಿಗೆ ಬಂದ ಕಾಗದಗಳನ್ನು ಕೇಳಿ ತೆಗೆದುಕೊಂಡು ಬನ್ನಿ.